ನಾಲ್ಕು ವರ್ಷದಿಂದ ನಮ್ಮ ಮನೆಯ ಡೋರೆಮಾನ್ ಜಗಳ ಬಿಡಿಸುತ್ತಿರುವ ವಿಕಿ

ನಮ್ಮ ಮನೆಯಲ್ಲಿ ರಿಮೋಟಿಗೆ ಜಗಳ ಆಗುವುದು ಕಡಿಮೆ. ಜಪಾನಿನ ರೋಬಾಟ್ ಬೆಕ್ಕಿನ ಕಾರ್ಟೂನ್ ಡೋರೆಮಾನ್‌ನ ಯಾವ ಎಪಿಸೋಡಿನಲ್ಲಿ ಏನಾಯಿತು ಅನ್ನುವುದಕ್ಕೆ ಜಾಸ್ತಿ. ಮಗಳಿಗೆ 12 ವರ್ಷ, ಮಗನಿಗೆ 9. ಬೇಸಿಗೆ ರಜೆಗೆ ಹುಬ್ಬಳ್ಳಿಯಿಂದ ತಂಗಿಯ ಮಗ ಬಂದರೆ ಮೂರನೇ ಪಾರ್ಟಿ ಸೇರಿಕೊಂಡ ಹಾಗೆ. ಪಣಕ್ಕೆ ಇಡುವುದು ಭಾನುವಾರದ ಬೆಣ್ಣೆ ದೋಸೆ. ದಾವಣಗೆರೆಯಲ್ಲಿ ಇದ್ದುಕೊಂಡು ಬೆಣ್ಣೆ ದೋಸೆ ಸೋಲುವುದು ಅಂದರೆ ಸಣ್ಣ ಮಾತಲ್ಲ, ಹಾಗಾಗಿ ನ್ಯಾಯ ಹೇಳುವವನಿಗೆ ಆಧಾರ ಬೇಕೇ ಬೇಕು.

ನಾನು ನೆಚ್ಚಿಕೊಂಡಿರುವುದು ಅಭಿಮಾನಿಗಳೇ ನಡೆಸುವ ಒಂದು ಇಂಗ್ಲಿಷ್ ವಿಕಿ ವೆಬ್‌ಸೈಟನ್ನು. ಪಾತ್ರಕ್ಕೊಂದು ಪುಟ, ಡೋರೆಮಾನ್ ಜೇಬಿನಿಂದ ತೆಗೆಯುವ ಗ್ಯಾಜೆಟ್‌ಗೊಂದು ಪುಟ, ಕತೆಗೊಂದು ಪುಟ. ದುಡ್ಡು ಕೊಡಬೇಕಿಲ್ಲ. ಕೆಳಗೆ ಸ್ವಲ್ಪ ಬೈದಿರುವುದರಿಂದ ಹೆಸರು ಬೇಡ.

ಮೊದಲ ಕೇಸ್ ಇನ್ನೂ ನೆನಪಿದೆ. ಡೋರೆಮಾನ್ ಮೊದಲು ಹಳದಿ ಬಣ್ಣದವನಾಗಿದ್ದ, ರೋಬಾಟ್ ಇಲಿ ಕಿವಿ ಕಡಿದು ಹಾಕಿತು. ಅಲ್ಲಿಯವರೆಗೆ ಇಬ್ಬರಿಗೂ ಒಪ್ಪಿಗೆ. ನೀಲಿ ಆಗಿದ್ದು ಹೇಗೆ? ಕಿವಿ ಇಲ್ಲದ ಮುಖ ನೋಡಿಕೊಂಡು ಹೆದರಿ ನೀಲಿಗಟ್ಟಿದ ಅಂತ ಮಗಳು. ಅತ್ತೂ ಅತ್ತೂ ಬಣ್ಣ ತೊಳೆದು ಹೋಯಿತು ಅಂತ ಅಳಿಯ. ಒಬ್ಬಳು ಸೋಫಾ ಮೇಲೆ ನಿಂತಿದ್ದಳು, ಇನ್ನೊಬ್ಬ ಬಾಗಿಲು ಹಿಡಿದುಕೊಂಡು ಕೂಗುತ್ತಿದ್ದ. ನಾನು ಫೋನ್ ತೆಗೆದು ಪುಟ ನೋಡಿದೆ. ಇಬ್ಬರೂ ಸರಿ! ಹೆದರಿ ನೀಲಿ ಆಗಿದ್ದು ಹಳೆಯ ಕತೆ. 1995ರಲ್ಲಿ ಡೋರೆಮಾನ್ ಹುಟ್ಟಿದ ಕತೆ ಹೇಳುವ ಒಂದು ಸಿನಿಮಾ ಬಂತು, ಅಳುವಿನಿಂದ ಹಳದಿ ಬಣ್ಣ ಕಿತ್ತುಹೋಗುವುದು ಅದರಲ್ಲಿ. ಆ ಭಾನುವಾರ ಎರಡು ದೋಸೆಯ ದುಡ್ಡು ನನ್ನ ಜೇಬಿನಿಂದ ಹೋಯಿತು.

ಅವತ್ತು ನನಗೆ ಒಂದು ವಿಷಯ ಹೊಳೆಯಿತು. ಈ ಮಕ್ಕಳ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಅವರು ನೋಡಿರುವ ಡೋರೆಮಾನ್‌ಗಳೇ ಬೇರೆ ಬೇರೆ. ಜಪಾನಿನಲ್ಲಿ 1973ರಲ್ಲೇ ಒಂದು ಟಿವಿ ಸರಣಿ ಬಂದು ಅರ್ಧ ವರ್ಷಕ್ಕೆ ನಿಂತುಹೋಗಿತ್ತು. 1979ರಲ್ಲಿ ಶುರುವಾದದ್ದು 2005ರ ತನಕ ಓಡಿತು. ಅದೇ ವರ್ಷ ಏಪ್ರಿಲ್‌ನಿಂದ ಹೊಸ ಧ್ವನಿಗಳೊಂದಿಗೆ ಇನ್ನೊಂದು. ಫುಜಿಕೊ ಎಫ್. ಫುಜಿಯೊ ಬರೆದ ಕಾಮಿಕ್ಸ್‌ನ ಒಂದೇ ಕತೆಯನ್ನು ಎರಡೆರಡು ಸಲ ಮಾಡಿದ್ದೂ ಇದೆ, ಸಣ್ಣಪುಟ್ಟ ವಿವರ ಬದಲಾಗಿರುತ್ತದೆ. ವಿಕಿಯಲ್ಲಿ ಇವು ಬೇರೆ ಬೇರೆ ಪುಟಗಳಾಗಿವೆ. ಬೇರೇನೂ ಇಲ್ಲದಿದ್ದರೂ ಇದೊಂದಕ್ಕೆ ನಾನು ಇದನ್ನು ಬಿಡುವುದಿಲ್ಲ.

ಡಲ್ಲಾಸ್‌ನಲ್ಲಿರುವ ನನ್ನ ಅಕ್ಕನ ಮಗ ಒಮ್ಮೆ ವಿಡಿಯೋ ಕಾಲ್‌ನಲ್ಲಿ "ನೋಬಿಟಾ ಯಾರು? ಅವನು ನೋಬಿ ಅಲ್ವಾ?" ಅಂದುಬಿಟ್ಟ. ಡೋರೆಮಾನ್ ಇರುವುದೇ ನೋಬಿಟಾ ಅನ್ನುವ ಹುಡುಗನ ಮನೆಯಲ್ಲಿ. ನಮ್ಮ ಮನೆ ಮಕ್ಕಳು ಅವನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು. ವಿಕಿ ತೆಗೆದರೆ ಅವನದೂ ಸರಿ. 2014ರಲ್ಲಿ ಅಮೆರಿಕದ ಟಿವಿಗೆ ತಂದಾಗ ನೋಬಿಟಾ ನೋಬಿ ಆದ, ಅವನ ಜೊತೆಯ ಹುಡುಗ ಜಿಯಾನ್ ಬಿಗ್ ಜಿ ಆದ, ಗೆಳತಿ ಶಿಜುಕಾ ಸ್ಯೂ ಆದಳು. ಊಟದ ಕಡ್ಡಿಗಳು ಕೂಡ ಫೋರ್ಕ್ ಆದವು. ನಮ್ಮಲ್ಲಿ ಹಿಂದಿ ಡಬ್ಬಿಂಗ್ ನೋಡಿ ಬೆಳೆದ ಮಕ್ಕಳಿಗೆ ಜಪಾನಿ ಹೆಸರುಗಳೇ ಬಾಯಿಪಾಠ. ಈ ವಿಷಯದಲ್ಲಿ ನಮ್ಮವರೇ ಮೇಲು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಹುಡುಕುವಾಗ ಒಂದು ತೊಂದರೆ ಇದೆ. ಹಿಂದಿಯಲ್ಲಿ ಕೇಳಿದ ಎಪಿಸೋಡ್ ಹೆಸರು ಅಲ್ಲಿ ಸಿಗುವುದೇ ಇಲ್ಲ. ಪುಟಗಳಿರುವುದು ಜಪಾನಿ ಹೆಸರಿನ ಅನುವಾದದಲ್ಲಿ, ಜಪಾನಿನಲ್ಲಿ ಪ್ರಸಾರವಾದ ಕ್ರಮದಲ್ಲಿ. ಮೊದಮೊದಲು ಅರ್ಧ ಗಂಟೆ ಹುಡುಕಿ ಸುಮ್ನೆ ಫೋನ್ ಇಟ್ಟಿದ್ದೂ ಇದೆ. ಈಗ ಗ್ಯಾಜೆಟ್ ಹಿಡಿದು ಹೋಗುತ್ತೇನೆ. ಅದೂ ಅಪರೂಪದ ಗ್ಯಾಜೆಟ್ ಆಗಿರಬೇಕು. ತಲೆ ಮೇಲೆ ಇಟ್ಟುಕೊಂಡು ಹಾರುವ ಫ್ಯಾನ್ ಅಂತ ಹುಡುಕಿದರೆ ಮುಗಿಯಿತು ಕತೆ, ಅದು ಎಲ್ಲದರಲ್ಲೂ ಇದೆ. ಪುಸ್ತಕದ ಹಾಳೆಗೆ ಒತ್ತಿ, ತಿಂದರೆ ಪಾಠ ನೆನಪಿರುವ ಬ್ರೆಡ್ ಇದೆಯಲ್ಲ, ಅಂಥದ್ದಾದರೆ ಎರಡೇ ನಿಮಿಷ. ನೋಬಿಟಾ ಆ ಪರೀಕ್ಷೆಯಲ್ಲಿ ಪಾಸಾದ ಅಂತ ಮಗ ಒಂದು ವಾರ ವಾದ ಮಾಡಿದ್ದ. ಇಲ್ಲ ಕಣೋ, ಸಿಕ್ಕಾಪಟ್ಟೆ ತಿಂದು ಹೊಟ್ಟೆ ಕೆಟ್ಟಿತು, ಟಾಯ್ಲೆಟ್‌ಗೆ ಹೋಗಿ ಬಂದ, ಓದಿದ್ದೆಲ್ಲ ಅಲ್ಲೇ ಹೋಯಿತು.

ಶಾಲೆ ವ್ಯಾನಿನಲ್ಲಿ ಹುಟ್ಟುವ ಸುದ್ದಿಗಳಿಗೂ ಇದು ಒಳ್ಳೆ ಮದ್ದು. "ಕೊನೇ ಎಪಿಸೋಡಲ್ಲಿ ಡೋರೆಮಾನ್ ಬ್ಯಾಟರಿ ಖಾಲಿ ಆಗುತ್ತಂತೆ" ಅಂತ ಮಗ ಅಳುಮುಖ ಮಾಡಿಕೊಂಡು ಬಂದಿದ್ದ. ಅದು ಒಬ್ಬ ಅಭಿಮಾನಿ ತಾನೇ ಬರೆದು ಮಾರಿದ ಕಾಮಿಕ್ಸ್. ಪ್ರಕಾಶಕರು ಆಕ್ಷೇಪ ಎತ್ತಿದ ಮೇಲೆ 2007ರಲ್ಲಿ ಆ ಅಭಿಮಾನಿ ಕ್ಷಮೆಯನ್ನೂ ಕೇಳಿದರು. ಮೂಲ ಲೇಖಕರು 1996ರಲ್ಲಿ ತೀರಿಕೊಂಡರು, ಹೀಗೇ ಮುಗಿಯಿತು ಅಂತ ಅವರು ಎಲ್ಲೂ ಬರೆದಿಲ್ಲ.

ಬೈಯುವುದು ಬಾಕಿ ಇದೆ. ಫೋನಿನಲ್ಲಿ ತೆಗೆದರೆ ಜಾಹೀರಾತಿನ ನಡುವೆ ಎಲ್ಲೋ ಮೂಲೆಯಲ್ಲಿ ಡೋರೆಮಾನ್ ಕಾಣುತ್ತಾನೆ. ಲ್ಯಾಪ್‌ಟಾಪ್‌ನಲ್ಲಿ ಪರವಾಗಿಲ್ಲ. ಕೆಲವು ಎಪಿಸೋಡ್ ಪುಟಗಳಲ್ಲಿ ಎರಡು ಸಾಲು ಬಿಟ್ಟರೆ ಏನೂ ಇಲ್ಲ.

ದೊಡ್ಡ ತಲೆನೋವು ಬೇರೆ. ಅಲ್ಲಿ ಯಾರು ಬೇಕಾದರೂ ತಿದ್ದಬಹುದು. ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಯವನು ಡೋರೆಮಾನ್ ತೂಕ 100 ಕೆಜಿ ಅಂತ ಪಣ ಕಟ್ಟಿದ. ಪುಟ ತೆಗೆದೆ. 100 ಕೆಜಿ ಅಂತಲೇ ಇತ್ತು. ದೋಸೆ ಅವನಿಗೆ ಅಂತ ಹೇಳಿಯೂ ಆಯಿತು.

ಮಗಳು ಬಿಡಲಿಲ್ಲ. "ಅಪ್ಪಾ, ಎತ್ತರ 129.3 ಸೆಂಟಿಮೀಟರ್. ಇಲಿ ನೋಡಿ ಹಾರುವುದು 129.3 ಸೆಂಟಿಮೀಟರ್. ಹುಟ್ಟಿದ್ದು 2112ರ ಸೆಪ್ಟೆಂಬರ್ 3, ಅಂದ್ರೆ 12, 9, 3. ತೂಕ ಮಾತ್ರ ಹೇಗೆ 100 ಆಗುತ್ತೆ?"

ಪುಟದ ಮೇಲುಗಡೆ ಹಿಸ್ಟರಿ ಅಂತ ಒಂದು ಜಾಗ ಇದೆ. ಯಾರು ಯಾವಾಗ ಏನು ಬದಲಿಸಿದರು ಅನ್ನುವುದು ಅಲ್ಲಿ ಸಾಲಾಗಿ ಸಿಗುತ್ತದೆ. ಒತ್ತಿದೆ. 129.3 ಅನ್ನು 100 ಮಾಡಿದ್ದು ಎಂಟು ನಿಮಿಷದ ಹಿಂದೆ. ತಲೆ ಎತ್ತಿ ನೋಡಿದರೆ ಸಾಹೇಬರು ನನ್ನ ಲ್ಯಾಪ್‌ಟಾಪ್ ಚಾರ್ಜರ್ ಸುತ್ತುತ್ತಾ ಗೋಡೆ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ನೋಡಿದರೆ ಯಾರೋ ಪುಣ್ಯಾತ್ಮರು ಅದನ್ನು ಮತ್ತೆ 129.3 ಮಾಡಿದ್ದರು. ಅವನ ದೋಸೆ ಅಕ್ಕನಿಗೆ ಹೋಯಿತು, ಅವನಿಗೆ ಖಾಲಿ ಚಟ್ನಿ ಬಟ್ಟಲು.

ಅಂದಿನಿಂದ ನಾನು ಹಿಸ್ಟರಿ ನೋಡದೆ ತೀರ್ಪು ಕೊಡುವುದಿಲ್ಲ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಈ ಸಲ ರಜೆಗೆ ಬರುವ ಮೊದಲೇ ಹುಬ್ಬಳ್ಳಿಯಿಂದ ಫೋನ್ ಬಂದಿದೆ: "ಮಾಮ, ಪಣ ಕಟ್ಟೋ ಮೊದಲು 79ರದ್ದೋ 2005ರದ್ದೋ ಅಂತ ಬರೆದುಕೊಳ್ಳೋಣ. ಆಮೇಲೆ ನಿನ್ನ ಲ್ಯಾಪ್‌ಟಾಪ್ ಪಾಸ್‌ವರ್ಡ್ ಬದಲಾಗಿದೆಯಾ?"