ಎಡ್ಜ್ ಕ್ಲಸ್ಟರ್: ಆ್ಯಕ್ಟಿವ್-ಸ್ಟ್ಯಾಂಡ್‌ಬೈಯೋ, ಆ್ಯಕ್ಟಿವ್-ಆ್ಯಕ್ಟಿವೋ?

ಶಿರಸಿಯ ಅಡಿಕೆ ಸೊಸೈಟಿಯಿರಲಿ, ಕಾರವಾರದ ಸಣ್ಣ ಆಸ್ಪತ್ರೆಯಿರಲಿ, ಮೂರು-ನಾಲ್ಕು ಹೋಸ್ಟ್‌ಗಳ (ವಿಎಂ ಎಂಬ ವರ್ಚುವಲ್ ಯಂತ್ರಗಳನ್ನು ನಡೆಸುವ ಸರ್ವರ್‌ಗಳ) ಮೇಲೆ ವಿಎಂವೇರ್‌ನ ನೆಟ್‌ವರ್ಕ್ ಸಾಫ್ಟ್‌ವೇರ್ ಎನ್‌ಎಸ್‌ಎಕ್ಸ್ ಹಾಕುವವರು ಟಿಯರ್-0 ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ಸೇರಿಸುವ ರೂಟರ್) ಮಾಡುವಾಗಲೇ, ಅದನ್ನು ನಡೆಸುವ ಎಡ್ಜ್ ನೋಡ್‌ಗಳು ಒಟ್ಟಿಗೆ ದುಡಿಯಬೇಕೋ, ಒಂದು ಕಾಯುತ್ತಿರಬೇಕೋ ಎಂದು ತೀರ್ಮಾನಿಸಬೇಕು.

ಆ್ಯಕ್ಟಿವ್-ಆ್ಯಕ್ಟಿವ್‌ನಲ್ಲಿ 8 ನೋಡ್‌ಗಳವರೆಗೆ ಒಟ್ಟಿಗೆ ದುಡಿಯುತ್ತವೆ. ಇಸಿಎಂಪಿ, ಅಂದರೆ ಸಮಾನ ದಾರಿಗಳನ್ನು ಒಟ್ಟಿಗೆ ಬಳಸುವ ರೂಟಿಂಗ್, ಟ್ರಾಫಿಕ್ಕನ್ನು ಹಂಚುತ್ತದೆ. ಕೇಳಲು ಚೆಂದ. ಆದರೆ ಒಂದು ನೋಡ್‌ನಿಂದ ಹೊರಟದ್ದಕ್ಕೆ ಉತ್ತರ ಇನ್ನೊಂದರಲ್ಲಿ ಬರಬಹುದು. ಬರೀ ರೂಟಿಂಗ್ ಆದರೆ ಅಡ್ಡಿಲ್ಲ. ಎನ್‌ಎಟಿ (ಐಪಿ ವಿಳಾಸ ಬದಲಿಸುವುದು), ಸ್ಟೇಟ್‌ಫುಲ್ (ಸಂಪರ್ಕ ನೆನಪಿಡುವ) ಫೈರ್‌ವಾಲ್‌ಗೆ ಮಾತ್ರ ಸಂಪರ್ಕದ ಲೆಕ್ಕ ಬೇಕು. ಆ ಲೆಕ್ಕ ಇಲ್ಲದ ನೋಡ್ ಪ್ಯಾಕೆಟ್ಟನ್ನು ಬಿಸಾಡುತ್ತದೆ. ಎನ್‌ಎಸ್‌ಎಕ್ಸ್‌ನ 4ನೇ ಆವೃತ್ತಿಯಲ್ಲಿ ಇದಕ್ಕೆ ಸ್ಟೇಟ್‌ಫುಲ್ ಆ್ಯಕ್ಟಿವ್-ಆ್ಯಕ್ಟಿವ್ ಬಂದಿದೆ, ಸಣ್ಣ ಜಾಗಕ್ಕೆ ಅದು ಅತಿಯಾಯಿತು.

ಆ್ಯಕ್ಟಿವ್-ಸ್ಟ್ಯಾಂಡ್‌ಬೈಯಲ್ಲಿ ಒಂದು ನೋಡ್ ದುಡಿಯುತ್ತದೆ, ಇನ್ನೊಂದು ಕಾಯುತ್ತದೆ. ಅರ್ಧ ಸಾಮರ್ಥ್ಯ ಸುಮ್ಮನೆ ಕೂತಿರುತ್ತದೆ ನಿಜ. ಆದರೆ ಘಟ್ಟ ಇಳಿದು ಬರುವ ಫೈಬರ್ ಲೈನೇ ಒಂದಾದರೆ ನೋಡ್ ಹೆಚ್ಚಿಸಿ ಏನು ಲಾಭ? ಅಂಥವರಿಗೆ ನನ್ನ ಓಟು ಇದಕ್ಕೇ.

ಎರಡು ಲೈನ್, ಬಿಜಿಪಿ (ರೂಟರ್‌ಗಳು ದಾರಿಗಳನ್ನು ಪರಸ್ಪರ ತಿಳಿಸುವ ಪ್ರೋಟೋಕಾಲ್) ಎರಡೂ ಇದ್ದವರು ಟಿಯರ್-0 ಆ್ಯಕ್ಟಿವ್-ಆ್ಯಕ್ಟಿವ್ ಇಟ್ಟು, ಎನ್‌ಎಟಿ, ಫೈರ್‌ವಾಲನ್ನು ಅದರ ಕೆಳಗಿನ ಟಿಯರ್-1 ಗೇಟ್‌ವೇಗೆ ಇಳಿಸಲಿ. ಅಲ್ಲಿ ಸ್ಟ್ಯಾಂಡ್‌ಬೈ ಇದ್ದೇ ಇರುತ್ತದೆ.

ಯಾವುದನ್ನು ಆರಿಸಿದರೂ ಎರಡು ಎಡ್ಜ್ ವಿಎಂಗಳು (ನೋಡ್‌ಗಳು) ಒಂದೇ ಹೋಸ್ಟ್ ಮೇಲೆ ಕೂರದಂತೆ ಆ್ಯಂಟಿ-ಅಫಿನಿಟಿ ನಿಯಮ ಹಾಕಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಆ ಹೋಸ್ಟ್ ಮಲಗಿದರೆ ಕ್ಲಸ್ಟರೇ ಮಲಗುತ್ತದೆ. ಎನ್‌ಎಸ್‌ಎಕ್ಸ್ ಪ್ಯಾಕೆಟ್ಟಿಗೆ ಸುತ್ತುವ ಜಿನೀವ್ ಹೊದಿಕೆಗಾಗಿ ಸ್ವಿಚ್‌ಗಳಲ್ಲಿ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಕನಿಷ್ಠ 1600 ಬೈಟ್ ಇರಲಿ. ಎಡ್ಜ್ ವಿಎಂ ಗಾತ್ರ? ಮೀಡಿಯಂ, ಅಂದರೆ 4 ವಿಸಿಪಿಯು (ವರ್ಚುವಲ್ ಸಿಪಿಯು), 8 ಜಿಬಿ ಮೆಮೊರಿ, ಶುರುವಿಗೆ ಸಾಕು.