ಡಿಸೆಂಬರ್ 25ರಂದು ಹೀಥ್ರೂದಿಂದ ಮನೆಗೆ: ಕೋಚ್, ಮಿನಿಕ್ಯಾಬ್, ಟ್ಯಾಕ್ಸಿ, ಯಾವುದನ್ನು ನಂಬಬಹುದು?

ಇಂಗ್ಲೆಂಡಿನಲ್ಲಿರುವ ನಮ್ಮವರ ಮನೆಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಊರಿನಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬರುವುದು ಈಗ ಮಾಮೂಲು. ಟಿಕೆಟ್ ತೆಗೆಯುವಾಗ 24ರ ಮಧ್ಯಾಹ್ನ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿಯುವ ಹಾಗೆ ತೆಗೆದಿರುತ್ತಾರೆ. ಬೆಂಗಳೂರಿನ ಬೆಳಗಿನ ಮಂಜಿನಿಂದ ವಿಮಾನ ತಡವಾಯಿತು, ದುಬೈಯಲ್ಲೋ ದೋಹಾದಲ್ಲೋ ಮುಂದಿನ ವಿಮಾನ ತಪ್ಪಿತು ಅಂದರೆ ಇಳಿಯುವ ದಿನ 25 ಆಗುತ್ತದೆ. ಆ ದಿನ ಲಂಡನ್ನಿನಲ್ಲಿ ಟ್ಯೂಬ್ (ನೆಲದಡಿಯ ರೈಲು) ಇಲ್ಲ, ಎಲಿಜಬೆತ್ ಲೈನ್ ರೈಲು ಇಲ್ಲ, ಹೀಥ್ರೂ ಎಕ್ಸ್‌ಪ್ರೆಸ್ ರೈಲು ಇಲ್ಲ, ಕೆಂಪು ಸಿಟಿ ಬಸ್ಸೂ ಇಲ್ಲ. ಮುಷ್ಕರ ಅಂದುಕೊಳ್ಳಬೇಡಿ, ಪ್ರತಿವರ್ಷವೂ ಹೀಗೇ. ವಿಮಾನಗಳು ಮಾತ್ರ ಇಳಿಯುತ್ತಲೇ ಇರುತ್ತವೆ.

ಹಾಗಾಗಿ ಆ ಒಂದು ದಿನಕ್ಕೆ ಸಿಗುವ ಸೇವೆಗಳ ವಿಮರ್ಶೆ ಇದು. ತೀರ್ಮಾನವನ್ನು ಮೊದಲೇ ಹೇಳುತ್ತೇವೆ. ಮನೆಯಲ್ಲಿ ಕಾರಿಲ್ಲದವರಿಗೆ ಹೆಚ್ಚು ನಂಬಬಹುದಾದದ್ದು ದೂರದ ಊರಿನ ಕೋಚ್ ಬಸ್ಸು. ಕೋಚ್ ಹೋಗದ ಕಡೆಗೆ ಮುಂಗಡ ಗೊತ್ತುಮಾಡಿದ ಮಿನಿಕ್ಯಾಬ್, ಅಂದರೆ ಬುಕ್ ಮಾಡಿದರೆ ಮಾತ್ರ ಬರುವ ಬಾಡಿಗೆ ಕಾರು. ಎರಡೂ ಕೈಕೊಟ್ಟರೆ ಕಪ್ಪು ಟ್ಯಾಕ್ಸಿ, ಅದರಲ್ಲಿ ಜೇಬಿಗೆ ಕತ್ತರಿ ಬೀಳುವುದು ಖಂಡಿತ.

ಕೋಚ್

ನ್ಯಾಷನಲ್ ಎಕ್ಸ್‌ಪ್ರೆಸ್ ಕ್ರಿಸ್‌ಮಸ್ ದಿನವೂ ಹೀಥ್ರೂದಿಂದ ಕೋಚ್ ಓಡಿಸುತ್ತದೆ. ಸಂಖ್ಯೆ ಕಡಿಮೆ, ಮಾರ್ಗಗಳೂ ಕಡಿಮೆ. ಲಂಡನ್ನಿನ ವಿಕ್ಟೋರಿಯಾ ಕೋಚ್ ನಿಲ್ದಾಣಕ್ಕೆ ಹೋಗುವುದು ಮುಖ್ಯ ಮಾರ್ಗ. ಬೇರೆ ಯಾವ ಊರಿಗೆ ಇದೆ ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೋದ ವರ್ಷ ಇತ್ತು ಅಂತ ಈ ವರ್ಷವೂ ಇದ್ದೇ ಇರುತ್ತದೆ ಅಂದುಕೊಳ್ಳಬೇಡಿ, ನವೆಂಬರ್‌ನಲ್ಲೇ ವೆಬ್‌ಸೈಟಿನಲ್ಲಿ 25ನೇ ತಾರೀಖು ಹಾಕಿ ನೋಡಿ.

ಮೆಚ್ಚಬೇಕಾದ ಸಂಗತಿಗಳು ಹಲವು. ಸೆಂಟ್ರಲ್ ಬಸ್ ಸ್ಟೇಷನ್ ಟರ್ಮಿನಲ್ 2 ಮತ್ತು 3ರ ನಡುವೆ ಇದೆ. ಸುರಂಗದ ದಾರಿ, ಲಿಫ್ಟ್ ಎರಡೂ ಇರುವುದರಿಂದ ಟ್ರಾಲಿ ತಳ್ಳಿಕೊಂಡೇ ಹೋಗಬಹುದು. ಸೂಟ್‌ಕೇಸನ್ನು ಕೆಳಗಿನ ಡಿಕ್ಕಿಗೆ ಹಾಕಿದ ಮೇಲೆ ವಯಸ್ಸಾದವರು ಹೊತ್ತುಕೊಂಡು ಹತ್ತಬೇಕಾದ್ದು ಏನೂ ಇಲ್ಲ. ರಸ್ತೆ ಖಾಲಿ ಇರುವ ದಿನವಾದ್ದರಿಂದ ವಿಕ್ಟೋರಿಯಾಕ್ಕೆ ಮಾಮೂಲಿಗಿಂತ ಬೇಗ ತಲುಪುತ್ತದೆ. ದರ ಟ್ಯಾಕ್ಸಿಯ ಹತ್ತಿರಕ್ಕೂ ಬರುವುದಿಲ್ಲ.

ಎಡವುವುದು ಲಗೇಜಿನಲ್ಲಿ. ಈ ಕೋಚ್‌ನಲ್ಲಿ ಒಬ್ಬರಿಗೆ ಎರಡು ಮಧ್ಯಮ ಗಾತ್ರದ ಸೂಟ್‌ಕೇಸ್, ತಲಾ 20 ಕೆ.ಜಿ. ಮಿತಿ. ಊರಿನಲ್ಲಿ ಪ್ಯಾಕ್ ಮಾಡುವವರು ವಿಮಾನದ 23 ಕೆ.ಜಿ. ಲೆಕ್ಕ ಹಿಡಿದು, ತೂಕದ ಕೊಕ್ಕೆಗೆ ನೇತುಹಾಕಿ, 22.8 ಬರುವವರೆಗೂ ಸಾಂಬಾರ್ ಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ ತುಂಬುತ್ತಾರೆ. ನಾಲ್ಕು ಸೂಟ್‌ಕೇಸ್ ಅಂದರೆ ಒಟ್ಟು 11 ಕೆ.ಜಿ.ಯಷ್ಟು ಹೆಚ್ಚು. ಡ್ರೈವರ್ ಒಬ್ಬರೇ ಎಲ್ಲರ ಪೆಟ್ಟಿಗೆಗಳನ್ನು ಎತ್ತಿ ಒಳಗೆ ತಳ್ಳುತ್ತಾರೆ, ಆದ್ದರಿಂದ ಈ ಮಿತಿ ಇರುವುದು ನ್ಯಾಯವೇ. ಸುಮ್ಮನೆ ಬಿಟ್ಟರೆ ಅದೃಷ್ಟ. ಬಿಡದಿದ್ದರೆ ನಿಲ್ದಾಣದ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಕೂರಬೇಕು.

ಇದಕ್ಕೆ ಪರಿಹಾರ ಬೆಂಗಳೂರಿನಲ್ಲೇ ಆಗಬೇಕು. ಪ್ರತಿ ಪೆಟ್ಟಿಗೆಯನ್ನು 19.5 ಕೆ.ಜಿ.ಗೆ ನಿಲ್ಲಿಸಲು ಫೋನಿನಲ್ಲಿ ಹೇಳಿ, ಮನೆಯ ತಕ್ಕಡಿಗೂ ಏರ್‌ಪೋರ್ಟಿನದಕ್ಕೂ ಅರ್ಧ ಕೆ.ಜಿ. ವ್ಯತ್ಯಾಸ ಇರುವುದುಂಟು. ತುಪ್ಪದ ಡಬ್ಬಿಯನ್ನು ಮೊದಲು ತೆಗೆಸಿ. ಭಾರತದಿಂದ ಹಾಲಿನ ಉತ್ಪನ್ನ ತರಲು ಬ್ರಿಟನ್ನಿನಲ್ಲಿ ಅನುಮತಿಯೇ ಇಲ್ಲ, ಅಲ್ಲಿಗೆ ಎರಡು ಕೆ.ಜಿ. ಇಳಿಯಿತು. ಮಡಚಿದರೆ ಅಂಗೈಯಗಲ ಆಗುವ ನೈಲಾನ್ ಬ್ಯಾಗ್ ಒಂದನ್ನು ಪೆಟ್ಟಿಗೆಯ ಮೇಲ್ಭಾಗದಲ್ಲೇ ಇಡಿಸಿ. ತೂಕ ಮೀರಿದರೆ ಸ್ವೆಟರು, ಶಾಲು, ಚಪ್ಪಲಿಗಳನ್ನು ಅದಕ್ಕೆ ಹಾಕಿ ಕೈಯಲ್ಲಿ ಹಿಡಿದುಕೊಂಡರೆ ಆಯಿತು. ಬಿ.ಪಿ., ಶುಗರ್ ಮಾತ್ರೆಗಳು ಮಾತ್ರ ಡಿಕ್ಕಿಗೆ ಹೋಗಲೇಬಾರದು, ಕೈಚೀಲದಲ್ಲೇ ಇರಲಿ. ಆ ದಿನ ತೆರೆದಿರುವ ಔಷಧಿ ಅಂಗಡಿ ಹುಡುಕುವುದು ದೊಡ್ಡ ಕೆಲಸ.

ಎರಡನೆಯ ಕೊರತೆ, ವಿಕ್ಟೋರಿಯಾ ತಲುಪಿದರೆ ಮನೆ ತಲುಪಿದಂತಲ್ಲ. ಅಲ್ಲಿಂದ ಮುಂದಕ್ಕೂ ಟ್ಯೂಬ್ ಇಲ್ಲ, ಬಸ್ಸಿಲ್ಲ. ಕಾರಿರುವ ಗೆಳೆಯರು ಹೀಥ್ರೂವರೆಗೆ ಬರುವ ಬದಲು ವಿಕ್ಟೋರಿಯಾಕ್ಕೆ ಬಂದರೆ ಸಾಕು ಅನ್ನುವುದಷ್ಟೇ ಇದರ ಲಾಭ. ಈಸ್ಟ್ ಹ್ಯಾಮ್, ಕ್ರಾಯ್ಡನ್ ಕಡೆಯವರಿಗೆ ಇದು ಹೊಂದುತ್ತದೆ. ಹೌನ್ಸ್ಲೋ, ಸ್ಲೌ, ಸೌತಾಲ್ ಕಡೆಯವರು ಹೀಥ್ರೂ ಪಕ್ಕದಲ್ಲೇ ಇದ್ದುಕೊಂಡು ವಿಕ್ಟೋರಿಯಾ ಸುತ್ತುವುದರಲ್ಲಿ ಅರ್ಥವಿಲ್ಲ, ನೇರ ಮಿನಿಕ್ಯಾಬ್ ಹಿಡಿಯಲಿ.

ಟಿಕೆಟ್ ತೆಗೆಯುವಾಗ ಇಳಿಯುವ ಸಮಯಕ್ಕೂ ಕೋಚ್ ಹೊರಡುವ ಸಮಯಕ್ಕೂ ಮಧ್ಯೆ ಕನಿಷ್ಠ ಎರಡೂವರೆ ಗಂಟೆ ಬಿಡಿ. ಭಾರತದ ಪಾಸ್‌ಪೋರ್ಟಿಗೆ ಇಲ್ಲಿನ ಇ-ಗೇಟ್ ತೆರೆಯುವುದಿಲ್ಲ, ಅಧಿಕಾರಿಯ ಮುಂದಿನ ಸಾಲಿನಲ್ಲೇ ನಿಲ್ಲಬೇಕು. ಮಂಡಿನೋವಿನವರಿಗೆ ವಿಮಾನ ಸಂಸ್ಥೆಯ ಮೂಲಕ ಗಾಲಿಕುರ್ಚಿ ಕೇಳಿಕೊಳ್ಳಿ, 48 ಗಂಟೆ ಮುಂಚೆ ಹೇಳಬೇಕು. ಇದರಲ್ಲಿ ಸಂಕೋಚಪಡುವ ಹಿರಿಯರೇ ಹೆಚ್ಚು. ದೂರ ನಡೆಯುವುದೂ ತಪ್ಪುತ್ತದೆ, ದಾರಿ ತಪ್ಪುವ ಭಯವೂ ಇರುವುದಿಲ್ಲ ಅಂತ ತಿಳಿಸಿ ಒಪ್ಪಿಸಿ. ಬದಲಾಯಿಸಬಹುದಾದ ಟಿಕೆಟ್ಟನ್ನೇ ಕೊಳ್ಳಿ. ನಾಲ್ಕಾರು ಪೌಂಡ್ ಉಳಿಸಲು ಬಿಗಿ ಷರತ್ತಿನ ಟಿಕೆಟ್ ತೆಗೆದು ವಿಮಾನ ತಡವಾದರೆ, ಆ ದಿನ ಮುಂದಿನ ಕೋಚ್ ತುಂಬಿರುವ ಸಾಧ್ಯತೆ ಹೆಚ್ಚು. ಟರ್ಮಿನಲ್ 4 ಅಥವಾ 5ರಲ್ಲಿ ಇಳಿಯುವವರು ತಮ್ಮ ಕೋಚ್ ಎಲ್ಲಿಂದ ಹೊರಡುತ್ತದೆ ಅನ್ನುವುದನ್ನು ಟಿಕೆಟ್ಟಿನಲ್ಲೇ ಓದಿಕೊಳ್ಳಲಿ. ಟರ್ಮಿನಲ್‌ಗಳ ನಡುವಿನ ಮಾಮೂಲಿ ರೈಲು ಆ ದಿನ ಇರುವುದಿಲ್ಲ.

ಮಿನಿಕ್ಯಾಬ್

ಮುಂಗಡ ಗೊತ್ತುಮಾಡಿದ ಮಿನಿಕ್ಯಾಬ್‌ಗೆ ಮನೆ ಬಾಗಿಲವರೆಗೆ ಬಿಡುವ ಗುಣ ಇದೆ, ಕೊನೆಯ ಗಳಿಗೆಯಲ್ಲಿ ರದ್ದಾಗುವ ದೋಷವೂ ಇದೆ. ಹಬ್ಬದ ದಿನ ಡ್ರೈವರ್‌ಗಳು ಕಡಿಮೆ. ಆ್ಯಪ್‌ನಲ್ಲಿ ಹಿಂದಿನ ದಿನ ಬುಕ್ ಆಗಿದೆ ಅಂತ ತೋರಿಸಿದರೂ ಎಷ್ಟೋ ಕಡೆ ಡ್ರೈವರ್ ನಿಗದಿಯಾಗುವುದು ಹೊರಡುವ ಹೊತ್ತಿಗೆ, ಯಾರೂ ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು. ಇದಕ್ಕಿಂತ ನಿಮ್ಮ ಬಡಾವಣೆಯ ಲೈಸೆನ್ಸ್ ಇರುವ ಸಣ್ಣ ಮಿನಿಕ್ಯಾಬ್ ಕಚೇರಿ ವಾಸಿ. ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: 25ರ ದರ ಎಷ್ಟು, ಇಳಿದ ಮೇಲೆ ಎಷ್ಟು ನಿಮಿಷ ಕಾಯುವುದು ಉಚಿತ, ವಿಮಾನ ತಡವಾದರೆ ಡ್ರೈವರ್ ಬದಲಾಗುತ್ತಾರೋ ಇಲ್ಲವೋ. ಕಾಯುವ ಗಡಿಯಾರ ವಿಮಾನ ನೆಲ ಮುಟ್ಟಿದ ಕೂಡಲೇ ಶುರುವಾಗುತ್ತದೋ, ಹೇಳಿದ ಸಮಯದಿಂದಲೋ ಅನ್ನುವುದರಲ್ಲೇ ಜಗಳ ಹುಟ್ಟುವುದು. ಇಮಿಗ್ರೇಷನ್ ಸಾಲು ಲೆಕ್ಕ ಹಾಕಿ, ಇಳಿದ 75 ನಿಮಿಷಕ್ಕೆ ಬರಲು ಹೇಳಿದರೆ ಎರಡೂ ಕಡೆಗೆ ನೆಮ್ಮದಿ.

ನಾಲ್ಕು ದೊಡ್ಡ ಸೂಟ್‌ಕೇಸ್ ಮಾಮೂಲಿ ಸಲೂನ್ ಕಾರಿನಲ್ಲಿ ಹಿಡಿಯುವುದಿಲ್ಲ, ಆರು ಸೀಟಿನ ಗಾಡಿಯನ್ನೇ ಕೇಳಿ. ಮೊಮ್ಮಕ್ಕಳೂ ಜೊತೆಗಿದ್ದರೆ ಒಂದು ವಿಷಯ ಗೊತ್ತಿರಲಿ. ಇಲ್ಲಿ 12 ವರ್ಷ ಅಥವಾ 135 ಸೆಂ.ಮೀ. ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳಿಗೆ ಪ್ರತ್ಯೇಕ ಸೀಟು ಬೇಕು. ಡ್ರೈವರ್ ಬಳಿ ಅದು ಇಲ್ಲದಿದ್ದರೆ ಟ್ಯಾಕ್ಸಿ ಮತ್ತು ಮಿನಿಕ್ಯಾಬ್‌ಗಳಿಗೆ ಕಾನೂನಿನಲ್ಲಿ ವಿನಾಯಿತಿ ಇದೆ, ಮಗು ಹಿಂದಿನ ಸೀಟಿನಲ್ಲಿ ಕೂರಬೇಕು. ಕಾನೂನು ಬಿಟ್ಟರೂ ನಾವು ಬಿಡಬಾರದು. ಬುಕ್ ಮಾಡುವಾಗಲೇ ಸೀಟು ಕೇಳಿ, ಇಲ್ಲ ಅಂದರೆ ಬೇರೆ ಕಚೇರಿಗೆ ಫೋನ್ ಮಾಡಿ.

ಆಗಮನದ ಬಾಗಿಲಲ್ಲಿ 'ಟ್ಯಾಕ್ಸಿ ಬೇಕಾ' ಅಂತ ಪಿಸುಗುಡುತ್ತಾ ಹತ್ತಿರ ಬರುವವರ ಜೊತೆ ಹೋಗದಂತೆ ಊರಿನವರಿಗೆ ಮೊದಲೇ ಹೇಳಿಡಿ. ಬುಕ್ಕಿಂಗ್ ಇಲ್ಲದೆ ಮಿನಿಕ್ಯಾಬ್ ಹತ್ತಿಸಿಕೊಳ್ಳುವುದು ಅಕ್ರಮ, ಅಂಥ ಪ್ರಯಾಣಕ್ಕೆ ವಿಮೆಯೂ ಸಿಗುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಆಟೋ ಹಿಡಿದ ಅಭ್ಯಾಸದಲ್ಲಿ ಹಿರಿಯರು ದರ ಚೌಕಾಸಿ ಮಾಡಿ ಹತ್ತಿಬಿಡುತ್ತಾರೆ.

ಕಪ್ಪು ಟ್ಯಾಕ್ಸಿಗೆ ಟರ್ಮಿನಲ್ ಹೊರಗೇ ಸಾಲು ಇರುತ್ತದೆ, ಬುಕ್ಕಿಂಗ್ ಬೇಡ, ಗಾಲಿಕುರ್ಚಿ ಹಾಗೇ ಹತ್ತುತ್ತದೆ. ಮೀಟರ್ ದರದ ಮೇಲೆ ಹಬ್ಬದ ಹೆಚ್ಚುವರಿ ಶುಲ್ಕವೂ ಸೇರುತ್ತದೆ, ಅದು ಅಧಿಕೃತವೇ. ಹತ್ತಿರದ ಊರಿಗೆ ಸರಿ, ಲಂಡನ್ನಿನ ಆಚೆಯ ದೂರದ ಊರಿಗೆ ಬೇಡ.

ಸ್ವಂತ ಕಾರು ಇದ್ದವರಿಗೆ

ಆ ದಿನ ಕಾರಿನವರೇ ಪುಣ್ಯವಂತರು. ಡಿಸೆಂಬರ್ 25ರಿಂದ ಜನವರಿ 1ರವರೆಗೆ ಲಂಡನ್ನಿನ ಕಂಜೆಷನ್ ಚಾರ್ಜ್ (ನಗರಮಧ್ಯಕ್ಕೆ ಗಾಡಿ ತಂದರೆ ಕಟ್ಟುವ ಶುಲ್ಕ) ಇಲ್ಲ. ಹಳೆಯ ಡೀಸೆಲ್ ಗಾಡಿಗೆ ಬೀಳುವ 12.50 ಪೌಂಡಿನ ಯೂಲೆಜ್ (ಹೊಗೆ ಮಾಲಿನ್ಯದ) ಶುಲ್ಕವೂ ವರ್ಷದಲ್ಲಿ ಆ ಒಂದೇ ದಿನ ಇಲ್ಲ, 26ರಿಂದ ಮತ್ತೆ ಶುರು. ಹೀಥ್ರೂದಲ್ಲಿ ಟರ್ಮಿನಲ್ ಮುಂದೆ ಜನರನ್ನು ಇಳಿಸಲಷ್ಟೇ ಅವಕಾಶ, ಹತ್ತಿಸಿಕೊಳ್ಳಲು ಅಲ್ಲ. ಕರೆತರಲು ಹೋದವರು ಶಾರ್ಟ್ ಸ್ಟೇ ಪಾರ್ಕಿಂಗಿಗೇ ಹೋಗಬೇಕು. ಇಳಿಸುವುದಕ್ಕೂ ಶುಲ್ಕ ಇದೆ, ಗೇಟು ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಮರುದಿನ ಮಧ್ಯರಾತ್ರಿಯೊಳಗೆ ಆನ್‌ಲೈನಿನಲ್ಲಿ ಕಟ್ಟದಿದ್ದರೆ ದಂಡದ ಕಾಗದ ಮನೆಗೆ ಬರುತ್ತದೆ. ಅತಿಥಿಗಳನ್ನು ಮರಳಿ ಬಿಟ್ಟುಬರುವ ದಿನದ ಗಡಿಬಿಡಿಯಲ್ಲಿ ಇದನ್ನು ಮರೆಯುವವರು ಬಹಳ.

ಬಾಡಿಗೆ ಕಾರನ್ನು 24ಕ್ಕೇ ತಂದಿಟ್ಟುಕೊಳ್ಳುವುದಾದರೆ ಮಾತ್ರ ಯೋಚಿಸಿ. 25ರಂದು ಊರೊಳಗಿನ ಕಚೇರಿಗಳು ಮುಚ್ಚಿರುತ್ತವೆ.

ಮನೆಯಲ್ಲಿ ಏನಿರಬೇಕು

ಅತಿಥಿಗಳು ಒಂದು ದಿನ ತಡವಾಗಿ, ಹಸಿದು ಬರುತ್ತಾರೆ. ಅವತ್ತು ದೊಡ್ಡ ಸೂಪರ್‌ಮಾರ್ಕೆಟ್ ಒಂದೂ ತೆರೆದಿರುವುದಿಲ್ಲ. 2004ರ ಕಾಯ್ದೆಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಕ್ರಿಸ್‌ಮಸ್ ದಿನ ಮುಚ್ಚಿರಲೇಬೇಕು. ಸಣ್ಣ ಅಂಗಡಿಗೆ ಆ ಕಟ್ಟಿಲ್ಲ, ನಮ್ಮ ಕಡೆಯವರ ಕೆಲವು ಅಂಗಡಿಗಳು ತೆರೆದಿರುತ್ತವೆ. ಆದರೆ ಬಸ್ಸಿಲ್ಲದ ದಿನ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದರೆ ಮಾತ್ರ ಉಪಯೋಗ. ನಾಲ್ವರಿಗೆ ಎರಡು ದಿನಕ್ಕೆ ನಾಲ್ಕು ಪಿಂಟಿನ ಹಾಲಿನ ಬಾಟಲಿ ಎರಡು (ತಲಾ 2.27 ಲೀಟರ್), ಸೋನಾ ಮಸೂರಿ ಒಂದು ಕೆ.ಜಿ., ಬೇಳೆ ಅರ್ಧ ಕೆ.ಜಿ., ಉಪ್ಪಿಟ್ಟಿಗೆ ರವೆ 23ಕ್ಕೇ ಬಂದಿರಲಿ. ಮೊದಲ ರಾತ್ರಿ ಅನ್ನ, ತಿಳಿಸಾರು, ಹಪ್ಪಳ ಸಾಕು. ವಿಮಾನದಲ್ಲಿ ಕೂತು ಬಂದ ಹೊಟ್ಟೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಚಳಿಯಲ್ಲಿ ಮೊಸರು ಹೆಪ್ಪಾಗುವುದಿಲ್ಲ ಅಂತ ಬೇಸರಿಸಬೇಡಿ, ಅವನ್ ಹೊತ್ತಿಸದೆ ಒಳಗಿನ ದೀಪ ಮಾತ್ರ ಹಾಕಿ, ಪಾತ್ರೆ ಮುಚ್ಚಿಟ್ಟರೆ ಬೆಳಗ್ಗೆಗೆ ಗಟ್ಟಿ ಮೊಸರು.

ಮಧ್ಯಾಹ್ನಕ್ಕೇ ಮನೆ ಸೇರಿ ನಿದ್ದೆ ಬಾರದೆ ಕೂತಿದ್ದಾರೆ, ಕಾರೂ ಇದೆ ಅಂದರೆ ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಕರೆದೊಯ್ಯಿರಿ. 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಅಲ್ಲಿದೆ, ಹೊಳೆಯ ಆಚೆ ದಡದಲ್ಲಿ ಪಾರ್ಲಿಮೆಂಟ್ ಕಾಣುತ್ತದೆ. ಟಿಕೆಟ್ಟಿಲ್ಲ, ಬಾಗಿಲಿಲ್ಲ, ರಜೆಯ ಗೊಡವೆಯಿಲ್ಲ. ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಎರಡೂವರೆಗೆಲ್ಲ ಅಲ್ಲಿರಿ. ಕೆಂಪು ಗೆರೆ ಎಳೆದ ರಸ್ತೆಯಲ್ಲಿ ಗಾಡಿ ನಿಲ್ಲಿಸಬೇಡಿ, ಅಡ್ಡರಸ್ತೆಯ ಫಲಕ ಓದಿ ನಿಲ್ಲಿಸಿ.

ವಿಮಾನ ತಡವಾದದ್ದಕ್ಕೆ ಏನು ಸಿಗುತ್ತದೆ

ಇದು ಯಾವ ಸಂಸ್ಥೆಯ ವಿಮಾನ ಅನ್ನುವುದರ ಮೇಲೆ ನಿಂತಿದೆ. ಬೆಂಗಳೂರಿನಿಂದ ಲಂಡನ್ನಿಗೆ ಬ್ರಿಟಿಷ್ ಏರ್‌ವೇಸ್ ಅಥವಾ ವರ್ಜಿನ್ ಅಟ್ಲಾಂಟಿಕ್‌ನಲ್ಲಿ ಬಂದರೆ ಬ್ರಿಟನ್ನಿನ ಕಾನೂನು ಅನ್ವಯಿಸುತ್ತದೆ. ನಾಲ್ಕು ಗಂಟೆಗಿಂತ ತಡವಾಗಿ ತಲುಪಿ, ತಪ್ಪು ಸಂಸ್ಥೆಯದ್ದಾದರೆ ತಲಾ 520 ಪೌಂಡ್. ಮಂಜು, ಹಿಮದಂಥ ಕಾರಣವಾದರೆ ಹಣ ಇಲ್ಲ, ಆದರೆ ಊಟ, ರಾತ್ರಿಯಾದರೆ ಹೋಟೆಲ್ ಕೊಡಲೇಬೇಕು. ಅದೇ ಮಾರ್ಗದಲ್ಲಿ ಭಾರತದ ಸಂಸ್ಥೆಯ ವಿಮಾನದಲ್ಲಿ ಬಂದರೆ ಇದು ಅನ್ವಯಿಸುವುದಿಲ್ಲ, ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮಗಳೇ ಗತಿ. ಹೀಥ್ರೂದಿಂದ ಮರಳುವಾಗ ಮಾತ್ರ ಯಾವ ಸಂಸ್ಥೆಯಾದರೂ ಬ್ರಿಟನ್ನಿನ ಕಾನೂನಿಗೆ ಒಳಪಟ್ಟದ್ದು. ಬೋರ್ಡಿಂಗ್ ಪಾಸ್ ಮತ್ತು ಊಟದ ಬಿಲ್ಲುಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಆಗಿಂದಾಗ್ಗೆ ಕಳಿಸಲು ಹೇಳಿ, ಕೋರಿಕೆ ಸಲ್ಲಿಸುವವರು ಕೊನೆಗೆ ನೀವೇ.

ಮರಳುವ ದಿನ ಗೊತ್ತುಮಾಡುವಾಗ 26 ಕೂಡ ಬೇಡ. ಟ್ಯೂಬ್ ಓಡುತ್ತದೆ, ಆದರೆ ದೂರದ ರೈಲುಗಳು ಬಹುಪಾಲು ಇರುವುದಿಲ್ಲ. ಆಮೇಲಿನ ದಿನಗಳಲ್ಲೂ ಹಳಿ ಕಾಮಗಾರಿ ನಡೆಯುತ್ತದೆ. 2024ರಲ್ಲಿ ಡಿಸೆಂಬರ್ 27ರಿಂದ 29ರವರೆಗೆ ಲಂಡನ್ನಿನ ಪ್ಯಾಡಿಂಗ್ಟನ್ ಮುಖ್ಯ ನಿಲ್ದಾಣಕ್ಕೆ ದೂರದ ರೈಲುಗಳೇ ಬರಲಿಲ್ಲ. ರೆಡಿಂಗ್, ಬ್ರಿಸ್ಟಲ್ ಕಡೆಯವರು ಆ ವಾರಕ್ಕೂ ಕೋಚ್ ಸೀಟನ್ನೇ ಮುಂಗಡ ಹಿಡಿದಿಟ್ಟುಕೊಳ್ಳಲಿ, ಪೆಟ್ಟಿಗೆಗಳು ಮರಳುವಾಗಲೂ 20 ಕೆ.ಜಿ. ದಾಟದಿರಲಿ.