ಕುರಿ ಪಾಲು ಅಂತ ಕರಡಿ ಮಾಂಸ ಕೊಡ್ತಿದ್ದಾನೆ, ಹುಷಾರ್!

ಚಿಂಚೋಳಿ ಕಡೆಯವರು, ಕಲಬುರಗಿಯವರು ದಯವಿಟ್ಟು ಪೂರ್ತಿ ಓದಿ. ಕುರಿ ಅಂತ ದುಡ್ಡು ಇಸ್ಕೊಂಡು ನಮ್ಮ ಮನೆಗೆ ಕರಡಿ ಮಾಂಸ ಕೊಟ್ಟಿದ್ದಾನೆ ಒಬ್ಬ. ಕರಡಿ!

ಪಾಲು ಹಾಕೋದು ಹೇಗೆ ಅಂತ ನಿಮಗೆಲ್ಲ ಗೊತ್ತು. ಕಣ್ಣೆದುರಿಗೇ ಕಡಿದು, ಗುಡ್ಡೆ ಹಾಕಿ, ತಲೆ ಯಾರಿಗೆ ಕಾಲು ಯಾರಿಗೆ ಅಂತ ಮಾತಾಡಿ ಹಂಚ್ತಾರೆ. ಇವನು ಕತ್ತಲಾದ ಮೇಲೆ ಚೀಲದಲ್ಲಿ ತುಂಡು ಮಾಡಿದ್ದನ್ನೇ ತಂದ. "ಹೊಲದಾಗೇ ಕಡಿದೀವ್ರಿ ಅಣ್ಣಾ, ತಡ ಆತು" ಅಂದ. ಪರಿಚಯದವನು, ಹಿಂದೆಯೂ ತಂದುಕೊಟ್ಟವನು. ಕಪ್ಪುಗೆಂಪು ಮಾಂಸ, ಮೇಲೆ ದಪ್ಪ ಜಿಡ್ಡು. ಮಕ್ಕಳು ಕೆಂಡದ ಮೇಲೆ ಸುಟ್ಟುಕೊಂಡು ತಿಂದವು, ಒಳಗೆ ಇನ್ನೂ ಕೆಂಪಗೇ ಇತ್ತು.

ಮರುದಿನ ಅವನದೇ ಫೋನ್. "ಹ್ಯಾಂಗಿತ್ರಿ ಖಂಡ? ಕರಡೀದು ಅದು. ಸುಮ್ನೆ ಸಿಗೂದಿಲ್ಲ, ಇನ್ನೊಂದು ಐದುನೂರು ಹಾಕ್ರಿ." ನನಗೆ ಮಾತೇ ಹೊರಡಲಿಲ್ಲ. ಮಕ್ಕಳಿಗೆ ಕರಡಿ ತಿನ್ನಿಸಿ ಮೇಲೆ ದುಡ್ಡು ಬೇರೆ! ಅದಾದರೂ ಕರಡಿಯೋ, ಇನ್ಯಾವ ಸತ್ತ ಪ್ರಾಣಿಯೋ ಯಾರಿಗೆ ಗೊತ್ತು? ಆಸ್ಪತ್ರೆಯಲ್ಲಿ ಡಾಕ್ಟರು "ಯಾವ ಮಾಂಸ?" ಅಂದಾಗ ಎಲ್ಲರೆದುರು ಹೇಳಬೇಕಾಯ್ತು. ಅವ್ವ ಸೆರಗು ಮುಖಕ್ಕೆ ಹಾಕಿಕೊಂಡಳು.

ಬೈದರೆ ಅವನ ಉತ್ತರ ನೋಡಿ: "ಐಸ್‌ನಾಗ ಇಟ್ಟಿದ್ವಿ, ಏನೂ ಆಗಂಗಿಲ್ಲ." ಸುಳ್ಳು. ಕರಡಿ ಮಾಂಸದಲ್ಲಿ ಟ್ರೈಕಿನೆಲ್ಲಾ ಅನ್ನೋ ಹುಳದ ಮರಿಗಳಿರಬಹುದು. 2022ರಲ್ಲಿ ಅಮೆರಿಕದಲ್ಲಿ ಒಂದು ಕುಟುಂಬ 45 ದಿನ ಫ್ರೀಜರ್‌ನಲ್ಲಿಟ್ಟ ಕರಡಿ ಮಾಂಸದ ಕಬಾಬ್ ತಿಂದು ಕಾಯಿಲೆ ಬಿದ್ದಿತ್ತು. ಅದರ ಜೊತೆ ಬೆಂದ ತರಕಾರಿ ಮಾತ್ರ ತಿಂದವರಿಗೂ ಬಂತು! ಒಳಗಡೆ 74 ಡಿಗ್ರಿ ಬಿಸಿ ಆಗೋವರೆಗೂ ಬೇಯಬೇಕು. ಜ್ವರ, ಮೈಕೈ ನೋವು, ರೆಪ್ಪೆ ಊತ ವಾರಗಳಾದ ಮೇಲೂ ಬರಬಹುದಂತೆ. ದಿನಾ ಬೆಳಿಗ್ಗೆ ಮಕ್ಕಳ ಕಣ್ಣು ನೋಡೋದೇ ನನ್ನ ಕೆಲಸ ಆಗಿದೆ.

ಕಂಪ್ಲೇಂಟ್ ಕೊಡ್ತೀನಿ ಅಂದೆ. "ಕೊಡ್ರಿ, ನೀವೂ ತಿಂದೀರಲ್ಲ, ನೀವೂ ಒಳಗ ಹೋಗ್ತೀರಿ" ಅಂದ. ಎಂಥ ಧೈರ್ಯ! ಕರಡಿ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರೋ ಪ್ರಾಣಿ. ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು, ಕಮ್ಮಿ ಅಂದ್ರೂ 25,000 ರೂಪಾಯಿ ದಂಡ. ಇದೆಲ್ಲ ಗೊತ್ತಿದ್ದೇ ಅಲ್ವಾ ಕುರಿ ಅಂದಿದ್ದು? ಉಳಿದ ಮಾಂಸವನ್ನು ಅರಣ್ಯ ಇಲಾಖೆಗೆ ಒಪ್ಪಿಸಿ, ನಡೆದದ್ದನ್ನೆಲ್ಲ ಬರೆದುಕೊಟ್ಟು ಬಂದಿದ್ದೇನೆ.

ತಲೆ, ಚರ್ಮ ಕಣ್ಣಾರೆ ನೋಡದೆ ಯಾರ ಹತ್ತಿರವೂ ಪಾಲು ತಗೋಬೇಡಿ, ಎಷ್ಟೇ ಪರಿಚಯದವನಾಗಿರಲಿ. ಅವನು ಬೆದರಿಸಿದರೆ ಬಾಯಿ ಮುಚ್ಕೋಬೇಡಿ. ಈ ಭಾನುವಾರಕ್ಕೆ ಪಕ್ಕದ ಓಣಿಯಲ್ಲಿ ಮತ್ತೆ ದುಡ್ಡು ಎತ್ತುತ್ತಿದ್ದಾನೆ.